ಮೊದಲು ಕುದುರೆಗೆ ಜಾಗ ನೋಡಿ, ಆಮೇಲೆ ನಿಮಗೆ

ಪ್ರಶ್ನೆ: ನಾವು ಮೈಸೂರಿನ ಕುವೆಂಪುನಗರದವರು. ಡಿಸೆಂಬರ್ ಕೊನೆಯ ವಾರ ಅಮೆರಿಕದಿಂದ ಅಕ್ಕ, ಭಾವ, ಅವರ ಇಬ್ಬರು ಮಕ್ಕಳು ಬರುತ್ತಿದ್ದಾರೆ. ಮಕ್ಕಳಿಗೆ ಆರು ಮತ್ತು ಒಂಬತ್ತು ವರ್ಷ. ನನ್ನ ಯಜಮಾನರು ಹಳೆಯ ಟ್ರಾವೆಲರ್ ವ್ಯಾನೊಂದನ್ನು ಕೊಂಡು, ಒಳಗೆ ಮಂಚ, ಅಡುಗೆಕಟ್ಟೆ, ಸಣ್ಣ ಶೌಚಾಲಯ ಮಾಡಿಸಿ ಕ್ಯಾರವಾನ್ ಆಗಿ ಬದಲಾಯಿಸಿದ್ದಾರೆ. ನನ್ನ ಬಳಿ ರೇಸಿನಿಂದ ನಿವೃತ್ತಿಯಾದ ಒಂದು ಹೆಣ್ಣು ಕುದುರೆ ಇದೆ. ಎರಡು ರಾತ್ರಿ ಊರಾಚೆ ಬಿಡಾರ ಹೂಡಬೇಕು, ಕುದುರೆಯೂ ಜೊತೆಗಿರಬೇಕು ಎಂದು ಆಸೆ. ಭಾವ ದಿನಕ್ಕೊಂದು ಕ್ಯಾಂಪ್‌ಗ್ರೌಂಡಿನ ವಿಡಿಯೊ ಕಳಿಸುತ್ತಿದ್ದಾರೆ. ಮನೆಯಲ್ಲಿ ಕೆ.ಆರ್.ಎಸ್. ಹಿನ್ನೀರು, ಮುತ್ತತ್ತಿ, ಕಬಿನಿ, ಮೇಲುಕೋಟೆ ಎಂದು ನಾಲ್ಕು ಬಣಗಳಾಗಿವೆ. ಯಾವುದು ಸರಿ?

ಉತ್ತರ: ನಾಲ್ಕು ಬಣಗಳಲ್ಲಿ ಕುದುರೆ ಯಾವ ಬಣದಲ್ಲಿದೆ ಎಂದು ಯಾರೂ ವಿಚಾರಿಸಿದಂತೆ ಕಾಣುವುದಿಲ್ಲ. ನಾನು ಅದರ ಪರವಾಗಿ ಮಾತನಾಡುತ್ತೇನೆ, ಬೇಸರಪಡಬೇಡಿ ತಾಯಿ. ಮೂವತ್ತೊಂದು ವರ್ಷ ಪಶುವೈದ್ಯನಾಗಿ ಪಾಂಡವಪುರ, ಶ್ರೀರಂಗಪಟ್ಟಣ, ಮಳವಳ್ಳಿ ಕಡೆಯ ಹಳ್ಳಿಗಳನ್ನು ಸುತ್ತಿದವನು ನಾನು. ನಿವೃತ್ತಿಯಾದ ಮೇಲೆ ಹಳೆಯ ವ್ಯಾನಿನಲ್ಲಿ ಹೆಂಡತಿಯನ್ನು ಕೂರಿಸಿಕೊಂಡು ಸಿಕ್ಕಸಿಕ್ಕಲ್ಲಿ ರಾತ್ರಿ ಕಳೆಯುವುದು ಚಟವಾಗಿದೆ. ಹಾಗಾಗಿ ನಿಮ್ಮ ಪ್ರಶ್ನೆಯ ಮೂರೂ ಕಾಲುಗಳನ್ನು ನಾನು ಎಡವಿ ಬಲ್ಲೆ.

ಜನ ಬಿಡಾರದ ಜಾಗವನ್ನು ನೋಟ ನೋಡಿ ಆರಿಸುತ್ತಾರೆ. ನೀರು ಕಾಣಬೇಕು, ಬೆಟ್ಟ ಕಾಣಬೇಕು, ಫೋಟೊ ಚೆನ್ನಾಗಿ ಬರಬೇಕು. ಆಮೇಲೆ ವ್ಯಾನ್ ಎಲ್ಲಿ ನಿಲ್ಲಿಸುವುದು ಎಂದು ಯೋಚಿಸುತ್ತಾರೆ. ಪ್ರಾಣಿಯ ವಿಷಯ ಕೊನೆಗೆ, ಯಾವುದಾದರೂ ಮರಕ್ಕೆ ಕಟ್ಟಿದರಾಯಿತು ಎಂಬಲ್ಲಿಗೆ ಮುಗಿಯುತ್ತದೆ. ನಾನು ಇದನ್ನು ತಲೆಕೆಳಗು ಮಾಡಿ ಎನ್ನುತ್ತೇನೆ. ಕುದುರೆಗೆ ಒಣ ನೆಲ ಬೇಕು, ನೆರಳು ಬೇಕು, ಸದ್ದಿಲ್ಲದ ರಾತ್ರಿ ಬೇಕು, ಕುಡಿಯುವ ನೀರು ಬೇಕು, ಬಾಯಿಗೆಟಕುವಲ್ಲಿ ವಿಷದ ಗಿಡ ಇರಬಾರದು. ಅಂಥ ನೆಲದಲ್ಲಿ ವ್ಯಾನ್ ಹೂತುಕೊಳ್ಳುವುದಿಲ್ಲ, ಮಗುವೂ ಜಾರಿ ಬೀಳುವುದಿಲ್ಲ. ಉಲ್ಟಾ ಲೆಕ್ಕ ಮಾತ್ರ ಕೂಡಿಬರುವುದಿಲ್ಲ. ಮನುಷ್ಯರಿಗೆ ಇಷ್ಟವಾದ ಎಷ್ಟೋ ಜಾಗಗಳಲ್ಲಿ ಕುದುರೆ ಒಂದು ರಾತ್ರಿಯೂ ನಿಲ್ಲಲಾರದು.

ಭಾವನವರ ವಿಡಿಯೊಗಳ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ಅಲ್ಲಿ ಕ್ಯಾಂಪ್‌ಗ್ರೌಂಡ್ ಎಂದರೆ ಗಾಡಿ ನಿಲ್ಲುವ ಪ್ರತಿಯೊಂದು ಅಂಕಣದಲ್ಲೂ ವಿದ್ಯುತ್ ಕಂಬ, ನಲ್ಲಿ, ಕೆಲವೆಡೆ ಶೌಚದ ಕೊಳವೆ ಜೋಡಿಸುವ ಬಾಯಿ. 30 ಆಂಪಿಯರ್, 50 ಆಂಪಿಯರ್ ಎಂದು ಎರಡು ಬಗೆಯ ಪ್ಲಗ್. ಕುದುರೆಯವರಿಗೆ ಬೇರೆ ಮೈದಾನ, ಅದರಲ್ಲಿ ಬೇಲಿ ಹಾಕಿದ ದೊಡ್ಡಿ, ಕಟ್ಟಲು ಕಂಬಸಾಲು. ಅಲ್ಲಿನ ಎಷ್ಟೋ ಸರ್ಕಾರಿ ಅರಣ್ಯಗಳಿಗೆ ಕಳೆಬೀಜ ಇಲ್ಲವೆಂದು ಪ್ರಮಾಣಪತ್ರ ಪಡೆದ ಹುಲ್ಲನ್ನು ಮಾತ್ರ ಒಯ್ಯಬಹುದು. ಈ ಕೊನೆಯ ನಿಯಮ ನನಗೆ ಬಹಳ ಹಿಡಿಸಿತು; ಪಾರ್ಥೇನಿಯಂ ನಮ್ಮ ನಾಡಿನಲ್ಲಿ ಹಬ್ಬಿದ ಬಗೆಯನ್ನು ಕಣ್ಣಾರೆ ಕಂಡವನು ಅದನ್ನು ಅತಿ ಎನ್ನಲಾರ. ಮೈಸೂರಿನ ಸುತ್ತ ಅಂಥ ಸಿದ್ಧ ಏರ್ಪಾಡನ್ನು ಹುಡುಕುತ್ತಾ ಕೂರಬೇಡಿ. ಪ್ರವಾಸೋದ್ಯಮ ನಿಗಮದ ಮಯೂರ ಹೋಟೆಲುಗಳು ಕೆ.ಆರ್.ಎಸ್.ನಲ್ಲೂ ಶ್ರೀರಂಗಪಟ್ಟಣದಲ್ಲೂ ಇವೆ. ಭೀಮೇಶ್ವರಿ, ಕಬಿನಿಗಳಲ್ಲಿ ಜಂಗಲ್ ಲಾಡ್ಜಸ್‌ನವರ ಬಿಡಾರಗಳಿವೆ. ಅವೆಲ್ಲ ಮನುಷ್ಯರಿಗೆಂದು ಕಟ್ಟಿದವು. ನಿಮ್ಮಂಥವರಿಗೆ ಉಳಿಯುವುದು ತೋಟದ ಮನೆ. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಾಯಿಸಿದ ಹೋಂಸ್ಟೇ, ಅದರ ಪಕ್ಕದಲ್ಲಿ ಒಂದೆರಡು ಎಕರೆ ಖಾಲಿ ಹೊಲ. ನೋಂದಣಿ ಯಾಕೆಂದರೆ, ಅಕ್ಕ–ಭಾವ ವಿದೇಶಿ ಪಾಸ್‌ಪೋರ್ಟ್ ಹೊಂದಿದ್ದರೆ ಅವರು ತಂಗಿದ ವಿವರವನ್ನು ಮನೆಯವರು 24 ಗಂಟೆಯೊಳಗೆ ವಿದೇಶಿಯರ ನೋಂದಣಿ ಕಚೇರಿಗೆ ಆನ್‌ಲೈನ್‌ನಲ್ಲಿ ತಿಳಿಸಬೇಕು. ನೋಂದಣಿ ಇಲ್ಲದವರು ಈ ಮಾತೆತ್ತಿದರೆ ಬೇರೆ ಮಾತು ತೆಗೆಯುತ್ತಾರೆ.

ಈಗ ನಿಮ್ಮ ಬಣಗಳು.

ಕಬಿನಿ ಬೇಡ. ನಾಗರಹೊಳೆ, ಬಂಡೀಪುರಗಳ ನಡುವಿನ ನೀರದು. ದಂಡೆಯ ಹಳ್ಳಿಗಳಲ್ಲಿ ಹುಲಿ, ಆನೆ ಬಂದವೆಂಬುದು ಸುದ್ದಿಯೇ ಅಲ್ಲ. ರಾತ್ರಿ ಹೊರಗೆ ಕಟ್ಟಿದ ಕುದುರೆ ಅಲ್ಲಿ ಬಲಿಗೆ ಕಟ್ಟಿದಂತೆ. ಕ್ಯಾರವಾನ್‌ನವರು ಇನ್ನೊಂದನ್ನೂ ತಿಳಿದಿರಬೇಕು: ಎಚ್.ಡಿ. ಕೋಟೆಯಿಂದ ಮಾನಂತವಾಡಿಗೆ ಹೋಗುವ ಕಾಡಿನ ರಸ್ತೆ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ, ಬಂಡೀಪುರದ ಹೆದ್ದಾರಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಕಾಡಿನೊಳಗೆ ರಸ್ತೆ ಬದಿ ಗಾಡಿ ನಿಲ್ಲಿಸಿ ಚಹಾ ಕಾಯಿಸುವ ಯೋಚನೆ ನಿಮ್ಮ ಯಜಮಾನರಿಗಿದ್ದರೆ ಈಗಲೇ ಬಿಡಿಸಿ.

ಮುತ್ತತ್ತಿ ಕೂಡ ಬೇಡ. ಅದು ಕಾವೇರಿ ವನ್ಯಜೀವಿಧಾಮದ ಒಳಗಿದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಪ್ರಕಾರ ಅಭಯಾರಣ್ಯದೊಳಗೆ ಮನುಷ್ಯರ ಪ್ರವೇಶಕ್ಕೇ ಕಟ್ಟುಪಾಡುಗಳಿವೆ; ಲಸಿಕೆ ಹಾಕಿಸದ ಸಾಕುಪ್ರಾಣಿಯನ್ನಂತೂ ಒಯ್ಯುವಂತಿಲ್ಲ. ಕಾನೂನಿನ ಮಾತು ಬಿಟ್ಟರೂ ಅಲ್ಲಿನ ಹೊಳೆಯನ್ನು ನಾನು ನಂಬುವುದಿಲ್ಲ. ಮೇಲೆ ಸಮತಟ್ಟಾಗಿ ಕಾಣುವ ನೀರಿನ ಕೆಳಗೆ ಬಂಡೆ, ಬಂಡೆಯ ಸಂದಿನಲ್ಲಿ ಸುಳಿ. ಈಜು ಬಲ್ಲವರೇ ಅಲ್ಲಿ ಹೆಚ್ಚು ಹೋಗಿದ್ದಾರೆ, ಬಾರದವರು ದಡದಲ್ಲೇ ಹೆದರಿ ನಿಂತಿರುತ್ತಾರಲ್ಲ. ಕೆ.ಆರ್.ಎಸ್. ಕೆಳಗಿನ ಬಲಮುರಿಯ ಹೊಳೆಗೂ ಇದೇ ಮಾತು. ಹಗಲು ಹೋಗಿ, ಮುತ್ತುರಾಯನ ದರ್ಶನ ಮಾಡಿ, ಸಂಜೆಗೆ ವಾಪಸ್ ಬನ್ನಿ, ಕುದುರೆ ಇಲ್ಲದ ದಿನ.

ಕೆ.ಆರ್.ಎಸ್. ಹಿನ್ನೀರಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಮೈಸೂರಿನ ಎಲ್ಲ ವ್ಯಾನುಗಳೂ ಮೊದಲು ಅಲ್ಲಿಗೇ ಓಡುತ್ತವೆ. ಸೂರ್ಯ ಮುಳುಗುವ ಹೊತ್ತಿಗೆ ಅಲ್ಲಿ ನಿಂತವರು ಬೇರೆ ಜಾಗ ಹುಡುಕಲಾರರು, ಒಪ್ಪುತ್ತೇನೆ. ಆದರೆ ಆ ನೆಲ ಯಾವುದು ನೋಡಿ. ಅಣೆಕಟ್ಟೆಯ ಪೂರ್ಣ ಮಟ್ಟ 124.80 ಅಡಿ. ಮಳೆಗಾಲದಲ್ಲಿ ತುಂಬಿ, ನಾಲೆಗೆ ನೀರು ಬಿಡುತ್ತಾ ಬಂದಂತೆ ಅಂಚಿನ ನೀರು ಹಿಂದೆ ಸರಿಯುತ್ತದೆ. ಸರಿದ ಜಾಗವೇ ನಿಮ್ಮ ಕಣ್ಣಿಗೆ ಚೆಂದದ ಬಯಲಾಗಿ ಕಾಣುವುದು. ಅದು ಬಯಲಲ್ಲ, ಮೊನ್ನೆ ಮೊನ್ನೆಯವರೆಗೆ ಹೊಳೆಯ ತಳ. ಮೇಲಿನ ನಾಲ್ಕು ಬೆರಳು ಬಿಸಿಲಿಗೆ ಒಣಗಿ ಬಿರುಕು ಬಿಟ್ಟಿರುತ್ತದೆ, ಕೆಳಗೆ ಹೂಳು ಇನ್ನೂ ಹಿಟ್ಟಿನ ಹದದಲ್ಲಿರುತ್ತದೆ. ನನ್ನ ವ್ಯಾನ್ ಒಮ್ಮೆ ಅಲ್ಲಿ ಹಿಂದಿನ ಅಚ್ಚಿನವರೆಗೆ ಇಳಿಯಿತು. ಟ್ರಾಕ್ಟರ್ ತಂದವನು ಹಗ್ಗ ಬಿಗಿಯುತ್ತಾ, “ಈ ವಾರದಲ್ಲಿ ನಿಮ್ಮದು ಮೂರನೆಯದು ಸಾರ್” ಎಂದ. ಅವನ ಮುಖದಲ್ಲಿ ಬೇಸರವೇನೂ ಇರಲಿಲ್ಲ. ಮಂಚ, ನೀರಿನ ಟ್ಯಾಂಕು, ಸಾಮಾನು ತುಂಬಿದ ನಿಮ್ಮ ವ್ಯಾನ್ ಕಾರಿನ ಎರಡು–ಮೂರು ಪಟ್ಟು ತೂಗುತ್ತದೆ. ಕುದುರೆಯ ಗೊರಸಂತೂ ತೂಕವನ್ನೆಲ್ಲ ಅಂಗೈಯಗಲದಲ್ಲಿ ಊರುತ್ತದೆ. ಕಾಲು ಹೂತರೆ ಅದು ಗಾಬರಿಯಿಂದ ಒದ್ದಾಡಿ ಸ್ನಾಯು ಹರಿದುಕೊಳ್ಳುತ್ತದೆ. ಮೇಲಾಗಿ ಆ ನೆಲ ನೀರಾವರಿಯವರದು, ಅನುಮತಿಯಿಲ್ಲದೆ ರಾತ್ರಿ ತಂಗಿದರೆ ಎಬ್ಬಿಸಿ ಕಳಿಸುತ್ತಾರೆ, ಕಳಿಸಬೇಕಾದ್ದೇ. ಹಿನ್ನೀರು ನೋಡಲೇಬೇಕೆಂದರೆ ದಂಡೆಯಿಂದ ಎತ್ತರದಲ್ಲಿರುವ ಯಾರಾದರೂ ರೈತರ ತೋಟ ಹಿಡಿಯಿರಿ.

ಮೇಲುಕೋಟೆ ಬಣಕ್ಕೆ ನನ್ನ ಅರ್ಧ ಮತ. ಅರ್ಧ ಏಕೆಂದರೆ ಬೆಟ್ಟದ ಮೇಲೂ ಬೇಡ, ಅದರ ಮಗ್ಗುಲಿನ ಕಾಡೂ ಬೇಡ. ಆ ಕಾಡು ತೋಳಗಳಿಗೆಂದು ಮೀಸಲಾದ ವನ್ಯಜೀವಿಧಾಮ. ಆದರೆ ಪಾಂಡವಪುರ ದಾಟಿ ಕೆರೆತೊಣ್ಣೂರಿನ ಆಚೆ, ನಾಲೆಯ ನೀರು ಹತ್ತದ ಎತ್ತರದ ಹೊಲಗಳಿವೆಯಲ್ಲ, ಅವು ನನಗೆ ಇಷ್ಟ. ಕೆಂಪು ಮಣ್ಣು, ನಡುವೆ ಗರಸು, ಬದುವಿನಲ್ಲಿ ಹುಣಸೆ, ಹೊಂಗೆ, ಬೇವು. ಡಿಸೆಂಬರ್ ಕೊನೆಗೆ ರಾಗಿ ಕೊಯ್ಲು ಮುಗಿದು ಹೊಲ ಖಾಲಿಯಾಗಿರುತ್ತದೆ. ರಾಗಿಯ ಕೂಳೆ ಮೇಲೆ ಡೇರೆ ಹಾಕಿ ಮಲಗಿ ನೋಡಿ, ಬೆಳಿಗ್ಗೆ ಬೆನ್ನು ನನ್ನನ್ನು ಬೈದರೂ ಮೂಗು ಹರಸುತ್ತದೆ. ಅಷ್ಟು ದೂರ ಬೇಡವೆಂದರೆ ಮೈಸೂರಿನ ಹತ್ತಿರವೇ ಇಲವಾಲ, ಜಯಪುರ, ವರುಣ ಕಡೆಯ ಮಳೆಯಾಶ್ರಿತ ಹೊಲಗಳೂ ಆದೀತು. ನೀರಾವರಿಯ ಗದ್ದೆ ಬಯಲು ಮಾತ್ರ ಬೇಡ, ಮಂಡ್ಯದ ಹಸಿರು ಎಷ್ಟೇ ಕರೆದರೂ.

ಹಸಿರಿನ ಮೇಲೆ ಇಷ್ಟೇಕೆ ಮುನಿಸು ಎನ್ನುತ್ತೀರಿ. ಮೊದಲನೆಯದು ಕಬ್ಬು. ಚಿರತೆ ಕಾಡಿನ ಪ್ರಾಣಿ ಎಂಬುದು ನಮ್ಮ ಜಿಲ್ಲೆಗಳಲ್ಲಿ ಹಳೆಯ ಮಾತಾಯಿತು. ಅದು ಕಬ್ಬಿನಲ್ಲೇ ಹುಟ್ಟಿ, ಕಬ್ಬಿನಲ್ಲೇ ಮರಿ ಹಾಕುತ್ತಿದೆ. ಕಟಾವಿನ ವೇಳೆ ಮರಿ ಸಿಗುವುದು ಪ್ರತಿವರ್ಷದ ಸುದ್ದಿ. 2022ರ ಕೊನೆಯ ತಿಂಗಳುಗಳಲ್ಲಿ ತಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆ ಮನುಷ್ಯರನ್ನೇ ಕೊಂದಿತು. ಅದೇ ಹೊತ್ತಿನಲ್ಲಿ ಬೃಂದಾವನ ಉದ್ಯಾನದಲ್ಲೂ ಚಿರತೆ ಕಾಣಿಸಿಕೊಂಡು ಬಾಗಿಲು ಹಾಕಿದ್ದರು. ಬೆಳೆದ ಕುದುರೆಯ ಮೈಮೇಲೆ ಅದು ಸುಲಭವಾಗಿ ಬೀಳುವುದಿಲ್ಲ, ಆದರೆ ಅದರ ವಾಸನೆ ಬಂದರೆ ಸಾಕು, ಕುದುರೆ ಹಗ್ಗ ಕಿತ್ತು ಕತ್ತಲೆಯಲ್ಲಿ ಓಡುತ್ತದೆ. ಕಾಲು ಮುರಿಯುವುದು ಹಾಗೆ. ಕಟಾವಾದ ಗದ್ದೆಯ ಪಕ್ಕವೂ ಬೇಡ, ರೈತರು ಉಳಿದ ಸೋಗೆಗೆ ಬೆಂಕಿ ಕೊಡುತ್ತಾರೆ, ಗಾಳಿ ತಿರುಗಿದರೆ ಡೇರೆ ಕ್ಷಣಾರ್ಧದಲ್ಲಿ ಹೋಗುತ್ತದೆ. ಇನ್ನು ಕಾಡಂಚಿನ ಹೊಲಗಳಲ್ಲಿ ಹಂದಿಗೆಂದು ಕಳ್ಳತನದಲ್ಲಿ ಉರುಳು ಕಟ್ಟುವುದು, ಸಿಡಿಮದ್ದು ಇಡುವುದು ನಿಂತಿಲ್ಲ. ಮನೆಯ ಯಜಮಾನ ತೋರಿಸಿದ ದಾರಿ ಬಿಟ್ಟು ಬದುವಿನ ಮೇಲೆ ಕುದುರೆ ಏರಿ ಹೋಗಬೇಡಿ.

ಎರಡನೆಯದು ನಾಲೆ. ವಿಶ್ವೇಶ್ವರಯ್ಯ ನಾಲೆಯ ದಂಡೆಯ ರಸ್ತೆಗಳು ನಕ್ಷೆಯಲ್ಲಿ ಚೆನ್ನಾಗಿ ಕಾಣುತ್ತವೆ, ಮೊಬೈಲ್ ಹತ್ತಿರದ ದಾರಿ ಎಂದು ಅಲ್ಲಿಗೇ ಕಳಿಸುತ್ತದೆ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸೊಂದು ಇದೇ ನಾಲೆಗೆ ಬಿದ್ದು 30 ಜನ ಸತ್ತರು, ಶಾಲೆಯಿಂದ ಮನೆಗೆ ಹೊರಟ ಮಕ್ಕಳೂ ಸೇರಿ. ತಲೆಭಾರದ ವ್ಯಾನ್ ತೆಗೆದುಕೊಂಡು ತಡೆಗೋಡೆಯಿಲ್ಲದ ದಂಡೆಯ ಮೇಲೆ ಎದುರಿನ ಕಬ್ಬಿನ ಟ್ರಾಕ್ಟರಿಗೆ ದಾರಿ ಬಿಡುವ ಸಾಹಸ ಬೇಡ. ಸುತ್ತಾದರೂ ದೊಡ್ಡ ರಸ್ತೆ ಹಿಡಿಯಿರಿ, ಕತ್ತಲಾಗುವ ಮೊದಲು ತಲುಪಿ. ಕಬ್ಬು ಅರೆಯುವ ಕಾಲದಲ್ಲಿ ಹಿಂದೀಪವಿಲ್ಲದ ಗಾಡಿಗಳು ರಾತ್ರಿಯಿಡೀ ಓಡುತ್ತಿರುತ್ತವೆ.

ಜಾಗ ಗೊತ್ತು ಮಾಡುವ ಮುನ್ನ ಒಂದು ದಿನ ನೀವೇ ಹೋಗಿ ನೋಡಿ. ಫೋನಿನಲ್ಲಿ “ಎಲ್ಲಾ ಅನುಕೂಲ ಇದೆ” ಎಂದವರನ್ನು ನಂಬಿ ಕೆಟ್ಟವನು ನಾನು. ಹೋದೊಡನೆ ಮನೆ ನೋಡಬೇಡಿ, ಹೊಲಕ್ಕಿಳಿದು ಹಿಮ್ಮಡಿಯನ್ನು ಬಲವಾಗಿ ಊರಿ. ಗುರುತು ಮಾತ್ರ ಮೂಡಿದರೆ ಸರಿ, ಹಿಮ್ಮಡಿ ಇಳಿದರೆ ವ್ಯಾನೂ ಇಳಿಯುತ್ತದೆ. ಆಮೇಲೆ ತಲೆಯೆತ್ತಿ. ಮಂಡ್ಯದವರು ನೆರಳು ಎಂದರೆ ತೆಂಗಿನ ತೋಟ ತೋರಿಸುತ್ತಾರೆ. ಅದರ ಕೆಳಗೆ ಡೇರೆಯೂ ಬೇಡ, ಕುದುರೆಯೂ ಬೇಡ. ಕಾಯಿಗೆ ಯಾರ ತಲೆ ಎಂಬ ಭೇದವಿಲ್ಲ, ಒಣಗರಿಯ ಬುಡವೂ ಕಡಿಮೆಯದಲ್ಲ. ದೊಡ್ಡ ಮರದ ಕೊಂಬೆಯಲ್ಲಿ, ನೀರಿನ ಟ್ಯಾಂಕಿನ ಅಡಿಯಲ್ಲಿ ಹೆಜ್ಜೇನು ಕಟ್ಟಿದೆಯೇ ನೋಡಿ. ನೀವು ಹಚ್ಚುವ ಒಲೆಯ ಹೊಗೆ ಸಾಕು ಅದನ್ನು ಎಬ್ಬಿಸಲು. ಮನುಷ್ಯ ಓಡಿಯಾನು, ಕಟ್ಟಿಹಾಕಿದ ಕುದುರೆ ಏನು ಮಾಡೀತು? ತೋಟಕ್ಕೆ ಬರುವ ವಿದ್ಯುತ್ ತಂತಿ ಎಷ್ಟು ಜೋತು ಬಿದ್ದಿದೆ ಎಂಬುದನ್ನು ವ್ಯಾನಿನ ಎತ್ತರಕ್ಕೆ ಹೋಲಿಸಿ.

ನಾನು ಬೇರೆಲ್ಲಕ್ಕಿಂತ ಹೆಚ್ಚು ಹೆದರುವುದು ಕೃಷಿ ಹೊಂಡಕ್ಕೆ. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಮಳೆಯಾಶ್ರಿತ ಹೊಲಗಳಲ್ಲಿ ಪ್ಲಾಸ್ಟಿಕ್ ಹಾಸಿದ ಹೊಂಡಗಳಾದವು. ರೈತರಿಗೆ ಅದು ವರ. ನಾನು ಹೊಗಳಿದ ಎತ್ತರದ ಹೊಲಗಳಲ್ಲೇ ಅದು ಹೆಚ್ಚು. ಆದರೆ ಅದರ ನಾಲ್ಕೂ ಬದಿ ಇಳಿಜಾರು, ಇಳಿಜಾರಿನ ತುಂಬ ಪಾಚಿ ಹಿಡಿದ ಪ್ಲಾಸ್ಟಿಕ್. ಒಮ್ಮೆ ಬೆಳಗಿನ ಜಾವ ನನ್ನನ್ನು ಕರೆದೊಯ್ದರು, ಹಸು ಬಿದ್ದಿದೆ ಎಂದು. ನೀರು ಅದರ ಕತ್ತಿನ ಮಟ್ಟ. ಎರಡು ಗಂಟೆಗಳಿಂದ ಅದು ಅದೇ ಜಾಗದಲ್ಲಿ ಮುಂಗಾಲನ್ನು ಮೇಲಿಡುವುದು, ಜಾರುವುದು, ಮತ್ತೆ ಇಡುವುದು. ಪ್ಲಾಸ್ಟಿಕ್ಕಿನ ಮೇಲೆ ಗೊರಸಿನ ಗೀರುಗಳು ಬಾಚಣಿಗೆಯಿಂದ ಎಳೆದಂತೆ ಸಾಲಾಗಿದ್ದವು. ಇಳಿದ ಹುಡುಗನೂ ಹತ್ತಲಾರದೆ ಅದರ ಪಕ್ಕದಲ್ಲೇ ನಿಂತು ಕೊಂಬು ಹಿಡಿದಿದ್ದ. ಕೊನೆಗೆ ಬಿದಿರೇಣಿ ಇಳಿಬಿಟ್ಟು ಹುಡುಗನನ್ನು, ಸೇದುವ ಹಗ್ಗ ಹೊಟ್ಟೆಗೆ ಸುತ್ತಿ ಹಸುವನ್ನು ಎಳೆದೆವು. ಆರು ವರ್ಷದ ಮಗುವಿಗೆ ಅಲ್ಲಿ ಕೂಗಲೂ ಪುರುಸೊತ್ತಿರುವುದಿಲ್ಲ. ಹೊಂಡಕ್ಕೆ ಸುತ್ತ ಬೇಲಿ, ಒಳಗೆ ಇಳಿಬಿಟ್ಟ ಗಂಟಿನ ಹಗ್ಗ, ಇವೆರಡೂ ಇಲ್ಲದ ತೋಟವನ್ನು ಎಷ್ಟೇ ಚೆಂದವಿದ್ದರೂ ಬಿಟ್ಟುಬಿಡಿ. ಕಟ್ಟೆಯಿಲ್ಲದ ತೆರೆದ ಬಾವಿಗೂ ಇದೇ ನಿಯಮ.

ನಿಮ್ಮ ಕುದುರೆಯ ಬಾಯಿಗೆ ಏನು ಸಿಗುತ್ತದೆ ಎಂದು ಬೇಲಿಯುದ್ದಕ್ಕೂ ನಡೆದು ನೋಡಿ. ಮೊದಲ ಶತ್ರು ಕಣಗಿಲೆ. ದೇವರ ಪೂಜೆಗೆಂದು ಪ್ರತಿ ತೋಟದ ಮನೆಯ ಮುಂದೆಯೂ ಇರುತ್ತದೆ. ಒಂದು ಹಿಡಿ ಎಲೆ ಸಾಕು, ಹೃದಯ ನಿಲ್ಲುತ್ತದೆ. ಒಣಗಿದ ಎಲೆಯ ವಿಷವೂ ಕಡಿಮೆಯಾಗುವುದಿಲ್ಲ. ಆಮೇಲೆ ಹರಳು, ಲಂಟಾನ. ಇವುಗಳಿಗಿಂತ ಜನರಿಗೆ ತಿಳಿಯದ ಇನ್ನೊಂದಿದೆ, ಕೋಳಿ ಆಹಾರ. ಕೋಳಿಗಳ ರಕ್ತಭೇದಿ ತಡೆಯಲು ಅದರಲ್ಲಿ ಮೊನೆನ್ಸಿನ್, ಸಲಿನೊಮೈಸಿನ್‌ನಂಥ ಔಷಧ ಬೆರೆಸಿರುತ್ತಾರೆ. ಕೋಳಿಗೆ ಅದು ಮದ್ದು, ಕುದುರೆಗೆ ಸ್ವಲ್ಪವೇ ಸಾಕು ಸಾವು. ಕೋಳಿ ಫಾರಂ ಇರುವ ತೋಟದಲ್ಲಿ ಮೂಟೆ ಎಲ್ಲಿಡುತ್ತಾರೆ, ಬಾಗಿಲಿದೆಯೇ, ಕೇಳಿ. ಕೆಲಸದವರಿಗೂ ಮಕ್ಕಳಿಗೂ ಒಂದೇ ಮಾತು ಹೇಳಿ: ಕುದುರೆಗೆ ನನ್ನ ಕೈಯಿಂದ ಬಿಟ್ಟು ಬೇರೆ ಯಾರ ಕೈಯಿಂದಲೂ ಏನೂ ಇಲ್ಲ, ಎಂದು. ನಮ್ಮ ಹಳ್ಳಿಯವರು ಉಪಚಾರದವರು. ಆಲೆಮನೆ ಹತ್ತಿರವಿದ್ದರೆ ಬೆಲ್ಲದುಂಡೆ, ಕಬ್ಬಿನ ಗರಿ ಎಂದು ಪ್ರೀತಿಯಿಂದ ತಿನ್ನಿಸಿ ಹೊಟ್ಟೆಶೂಲೆ ಬರಿಸುತ್ತಾರೆ.

ಎರಡು ದಿನದ ಮೇವನ್ನು ಮನೆಯಿಂದಲೇ ಒಯ್ಯಿರಿ. 450 ಕೆ.ಜಿ. ತೂಗುವ ಕುದುರೆಗೆ ದಿನಕ್ಕೆ ಎಂಟೊಂಬತ್ತು ಕೆ.ಜಿ. ಒಣಹುಲ್ಲು ಬೇಕು, ಅಲ್ಲಿ ಸಿಗುವ ಭತ್ತದ ಹುಲ್ಲಿಗೆ ದಿಢೀರನೆ ಬದಲಾಯಿಸಬಾರದು. ನೀರಿನದು ಸೂಕ್ಷ್ಮ ವಿಷಯ. ದಿನಕ್ಕೆ 25ರಿಂದ 40 ಲೀಟರ್ ಕುಡಿಯುವ ಪ್ರಾಣಿ, ಹೊಸ ಕೊಳವೆಬಾವಿಯ ನೀರನ್ನು ಮೂಸಿ ಮುಖ ತಿರುಗಿಸಿಬಿಡುತ್ತದೆ. ಅದರ ಫಲ ಮಾರನೆಯ ದಿನ ಹೊಟ್ಟೆ ಕಟ್ಟಿಕೊಂಡಾಗ ತಿಳಿಯುತ್ತದೆ. ಹೊರಡುವ ನಾಲ್ಕೈದು ದಿನ ಮೊದಲಿನಿಂದ ಮನೆಯ ಬಕೆಟ್ಟಿನ ನೀರಿಗೆ ಚೂರು ಬೆಲ್ಲ ಕದಡಿ ರೂಢಿ ಮಾಡಿಸಿ. ಅಲ್ಲಿಯೂ ಅದೇ ಬಕೆಟ್, ಅದೇ ಬೆಲ್ಲ. ಮೊದಲ ಸಲ ಇದನ್ನು ಮಾಡಿದಾಗ ನನ್ನ ಪರಿಚಯದ ಟಾಂಗಾದವರು ನಕ್ಕರು, ಇದನ್ನೇನು ಡಾಕ್ಟರು ಹೇಳಬೇಕೇ ಎಂದು. ಅವರ ಅಜ್ಜನ ಕಾಲದಿಂದಲೂ ಮಾಡುತ್ತಿದ್ದರಂತೆ.

ರಾತ್ರಿ ಕಟ್ಟುವ ಬಗೆ ಹೇಳುತ್ತೇನೆ. ರೇಸಿನ ಕುದುರೆ ಹುಟ್ಟಿನಿಂದ ಲಾಯದ ಗೋಡೆಗಳ ನಡುವೆ ಮಲಗಿದ್ದು. ಬಯಲಲ್ಲಿ ಗೂಟಕ್ಕೆ ಕಟ್ಟಿದರೆ ಹಗ್ಗಕ್ಕೆ ಕಾಲು ಸಿಕ್ಕಿಸಿಕೊಳ್ಳುತ್ತದೆ. ಎರಡು ಗಟ್ಟಿ ಮರಗಳ ನಡುವೆ ಅದರ ತಲೆಗಿಂತ ಎತ್ತರದಲ್ಲಿ, ಏಳಡಿಯ ಮೇಲೆ, ಒಂದು ದಪ್ಪ ಹಗ್ಗ ಬಿಗಿಯಾಗಿ ಎಳೆದು, ಅದರಿಂದ ಕೊರಳಹಗ್ಗ ಇಳಿಬಿಡಿ. ಬಾಯಿ ನೆಲ ಮುಟ್ಟಬೇಕು, ಕಾಲು ಹಗ್ಗ ದಾಟಬಾರದು, ಅಷ್ಟೇ ಉದ್ದ. ಮರಕ್ಕೆ ಗೋಣಿಚೀಲ ಸುತ್ತಿ ಹಗ್ಗ ಹಾಕಿ. ಒಂದು ವಾರ ಮೊದಲೇ ನಿಮ್ಮಲ್ಲೇ ಹಗಲು ಎರಡು ತಾಸು ಹೀಗೆ ನಿಲ್ಲಿಸಿ ನೋಡಿ. ಒಪ್ಪದಿದ್ದರೆ ಹಟ ಬೇಡ, ತೋಟದವರ ಖಾಲಿ ಕೊಟ್ಟಿಗೆ ಕೇಳಿ. ಚಿರತೆಯ ಓಡಾಟ ಇದ್ದಲ್ಲಿ ಕೊಟ್ಟಿಗೆಯೇ ಸರಿ, ಅದೂ ಬಾಗಿಲು, ದೀಪ ಇದ್ದದ್ದು. ಮಕ್ಕಳ ಡೇರೆಯಿಂದ ಮೂವತ್ತು ಮೀಟರ್ ದೂರವಿರಲಿ. ದಿನಕ್ಕೆ ಹದಿನೈದು–ಇಪ್ಪತ್ತು ಕೆ.ಜಿ. ಲದ್ದಿ ಬೀಳುತ್ತದೆ, ನೊಣ ಹಿಂದೆಯೇ ಬರುತ್ತದೆ. ಆ ಲದ್ದಿಯನ್ನು ತಿಪ್ಪೆಗೆ ಹಾಕಿಕೊಡಿ, ತೋಟದ ಯಜಮಾನ ಬಾಡಿಗೆಯಲ್ಲಿ ಕಡಿಮೆ ಮಾಡದಿದ್ದರೂ ಮುಂದಿನ ಸಲ ಬಾಗಿಲು ತೆರೆಯುತ್ತಾನೆ. ಊರಲ್ಲಿ ಆ ಎರಡು ದಿನ ಮದುವೆಯೋ ಹಬ್ಬವೋ ಇದೆಯೇ ಎಂದೂ ವಿಚಾರಿಸಿ. ಪಟಾಕಿಗೆ ಕುದುರೆ ಹೆದರುವಷ್ಟು ಚಿರತೆಗೂ ಹೆದರುವುದಿಲ್ಲ.

ಕಾಗದ ಪತ್ರ ಬೇಸರದ ಕೆಲಸ, ಆದರೂ ನವೆಂಬರಿನಲ್ಲೇ ಶುರು ಮಾಡಿ. ಪ್ರಾಣಿ ಸಾಗಣೆಯ 1978ರ ನಿಯಮಗಳಂತೆ ಲಾರಿಯಲ್ಲಿ ಒಯ್ಯಲು ಪಶುವೈದ್ಯರ ಆರೋಗ್ಯ ಪ್ರಮಾಣಪತ್ರ ಇರಬೇಕು. ಗ್ಲ್ಯಾಂಡರ್ಸ್ ಮನುಷ್ಯರಿಗೂ ತಗಲುವ ರೋಗ. ಪರೀಕ್ಷೆ ಮಾಡಿಸಿರದಿದ್ದರೆ ಈಗ ಮಾಡಿಸಿ, ಮಾದರಿಯನ್ನು ಹೊರಗಿನ ಪ್ರಯೋಗಾಲಯಕ್ಕೆ ಕಳಿಸಬೇಕಾಗುತ್ತದೆ, ತಡವಾದೀತು. ಧನುರ್ವಾಯು ಲಸಿಕೆಯ ತಾರೀಖು ನೋಡಿ, ಹಳೆಯ ಕೊಟ್ಟಿಗೆಗಳಲ್ಲಿ ಮೊಳೆ ಇಲ್ಲದ ಮೂಲೆಯಿಲ್ಲ. ಇಳಿಸಲು ಹಲಗೆ ಇಲ್ಲದಿದ್ದರೆ ಲಾರಿಯ ಹಿಂಬದಿಯನ್ನು ಮಣ್ಣಿನ ದಿಣ್ಣೆಗೆ ತಾಗಿಸಿ ಇಳಿಸಬಹುದು, ಜಾಗ ನೋಡಲು ಹೋದಾಗ ಅಂಥ ದಿಣ್ಣೆಯನ್ನೂ ಗುರುತು ಮಾಡಿಕೊಳ್ಳಿ. ಯಜಮಾನರ ವ್ಯಾನಿನ ಮಾರ್ಪಾಡು ಆರ್‌.ಸಿ.ಯಲ್ಲಿ ನಮೂದಾಗಿದೆಯೇ? ಆಗಿರದಿದ್ದರೆ ಅಪಘಾತವಾದ ದಿನ ವಿಮೆಯವರು ಮೊದಲು ನೋಡುವುದು ಅದನ್ನೇ.

ವ್ಯಾನಿನ ವಿದ್ಯುತ್ತಿಗೆ ತೋಟದಲ್ಲಿ 15 ಆಂಪಿಯರಿನ ಮನೆ ಪ್ಲಗ್ ಒಂದು ಸಾಕು, ನೆಲತಂತಿ ಸರಿಯಿದ್ದರೆ. ಪಂಪ್‌ಸೆಟ್ ಲೈನಿನಿಂದ ಎಳೆದುಕೊಡುತ್ತೇನೆ ಎಂದರೆ ಒಪ್ಪಬೇಡಿ. 10 ಎಚ್.ಪಿ.ವರೆಗಿನ ಪಂಪ್‌ಸೆಟ್ಟಿಗೆ ಸರ್ಕಾರ ಉಚಿತ ವಿದ್ಯುತ್ ಕೊಡುವುದು ನೀರೆತ್ತಲು, ಅತಿಥಿಗಳಿಗೆ ಇಸ್ತ್ರಿ ಹಾಕಲು ಅಲ್ಲ. ಆ ಲೈನಿನ ವೋಲ್ಟೇಜ್ ಏರಿಳಿತಕ್ಕೆ ನಿಮ್ಮ ಫ್ರಿಜ್ಜೂ ಉಳಿಯದು. ಅಕ್ಕನವರ ಅಮೆರಿಕದ ತಲೆಗೂದಲ ಯಂತ್ರ ಅಲ್ಲಿನ 120 ವೋಲ್ಟಿನದು, ನಮ್ಮ 230ಕ್ಕೆ ಸಿಕ್ಕಿಸಿದರೆ ಒಂದೇ ಸಲ ಬಳಸಬಹುದು. ಶೌಚದ ಪೆಟ್ಟಿಗೆಯನ್ನು ನಾಲೆಗೆ, ಹೊಲದ ಕಾಲುವೆಗೆ ಸುರಿಯುವವರನ್ನು ಕಂಡಿದ್ದೇನೆ. ತೋಟದ ಶೌಚಾಲಯಕ್ಕೇ ಸುರಿಯಿರಿ, ಆದರೆ ಅದರಲ್ಲಿ ಹಾಕುವ ನೀಲಿ ದ್ರಾವಣ ಬಳಸಬೇಡಿ, ಗುಂಡಿಯಲ್ಲಿ ಕೊಳೆಸುವ ಜೀವಾಣುಗಳನ್ನು ಅದು ಕೊಲ್ಲುತ್ತದೆ.

ಡಿಸೆಂಬರ್ ಕೊನೆಯ ಚಳಿಗೆ ಕಂಬಳಿ ಸಾಕು. ಇದ್ದಿಲ ಅಗ್ಗಿಷ್ಟಿಕೆಯನ್ನು ಡೇರೆಯೊಳಗೋ ವ್ಯಾನಿನೊಳಗೋ ಇಟ್ಟುಕೊಂಡು ಮಲಗಬೇಡಿ. ಹೊಗೆಯೇ ಇಲ್ಲದ, ವಾಸನೆಯೇ ಇಲ್ಲದ ಅನಿಲ ಅದರಿಂದ ಬರುತ್ತದೆ, ನಿದ್ದೆಯಲ್ಲೇ ಮುಗಿಸುತ್ತದೆ. ಡೇರೆಗೆ ಹೊಲಿದ ತಳವಿರಲಿ, ಜಿಪ್ ಸದಾ ಎಳೆದಿರಲಿ. ಕಟ್ಟುಹಾವು ಕಚ್ಚುವುದು ನೆಲದ ಮೇಲೆ ಮಲಗಿದವರನ್ನೇ, ನೋವೂ ಹೆಚ್ಚಿರುವುದಿಲ್ಲ, ಹಾಗಾಗಿ ಜನ ಸೊಳ್ಳೆ ಎಂದು ಮತ್ತೆ ಮಲಗುತ್ತಾರೆ. ಕತ್ತಲೆಯಲ್ಲಿ ಬರಿಗಾಲಲ್ಲಿ ಇಳಿಯಬೇಡಿ ಎಂದು ಅಲ್ಲಿನ ಮಕ್ಕಳಿಗೆ ಇಲ್ಲಿನ ಭಾಷೆಯಲ್ಲೇ ಗದರಿಸಿ ಹೇಳಿ. ಏನಾದರೂ ಆದರೆ 108, ನೇರ ಮೈಸೂರಿನ ಕೆ.ಆರ್. ಆಸ್ಪತ್ರೆ ಅಥವಾ ಮಂಡ್ಯದ ಮಿಮ್ಸ್. ನಡುವೆ ನಾಟಿ ಮದ್ದಿಗೆ ನಿಲ್ಲಿಸಬೇಡಿ.

ಊಟದ ವಿಷಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಕುದುರೆಗೆ ಸಂಜೆ ಹುರುಳಿ ಬೇಯಿಸುತ್ತೀರಲ್ಲ? ಕೆಲಸವಿಲ್ಲದ ದಿನ ಅದಕ್ಕೆ ಎರಡು ಹಿಡಿಗಿಂತ ಹೆಚ್ಚು ಬೇಡ, ಪೂರಾ ಆರಿದ ಮೇಲೆ ಕೊಡಿ. ಅದೇ ಪಾತ್ರೆಯಲ್ಲಿ ನಿಮಗೂ ಸೇರಿಸಿ ಬೇಯಿಸಿ, ಉಪ್ಪು ಹಾಕುವ ಮೊದಲು ಕುದುರೆಯ ಪಾಲು ತೆಗೆದಿಡಿ. ಕಟ್ಟು ಬಸಿದುಕೊಂಡು, ಹುರಿದ ಬೆಳ್ಳುಳ್ಳಿ, ಮೆಣಸು, ಹುಣಸೆ ರುಬ್ಬಿ ಹಾಕಿ ಬಸ್ಸಾರು ಮಾಡಿ. ಮುದ್ದೆಗೆ ರಾಗಿಹಿಟ್ಟನ್ನು ಆ ಹೊಲದ ಯಜಮಾನನಿಂದಲೇ ಕೊಳ್ಳಿ, ಹೊಸ ರಾಗಿಯಾಗಿರುತ್ತದೆ. ಭಾವನವರಿಗೆ ಮುದ್ದೆಯನ್ನು ಅಗಿಯದೆ ನುಂಗಲು ಕಲಿಸುವ ಹೊಣೆ ಮಾತ್ರ ನಿಮ್ಮದು.